ಸ್ಪೀಡ್ ಕಮ್ಮಿ ಇರೋ ಪ್ರೊಸೆಸರ್ ಗೇಮಲ್ಲಿ ಯಾಕೆ ಮುಂದೆ ಹೋಗುತ್ತೆ? 5800ಎಕ್ಸ್ ಮತ್ತು 5800ಎಕ್ಸ್3ಡಿ ಕಥೆ

"ಅಣ್ಣಾ, 3.8 ದೊಡ್ಡದೋ 3.4 ದೊಡ್ಡದೋ?" ಅಂತ ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಕೇಳಿದ ನಮ್ಮ ಚಿಕ್ಕಮ್ಮನ ಮಗ. ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಾನೆ, ಸೀಸನ್ ಇದ್ದಾಗ ಹಗಲೂ ರಾತ್ರಿ ಕೆಲಸ, ಸೀಸನ್ ಮುಗಿದ್ರೆ ರಾತ್ರಿಯೆಲ್ಲ ಕಾರ್ ರೇಸಿಂಗ್ ಗೇಮು, ಟೇಬಲ್ಲಿಗೆ ಬಿಗಿದಿರೋ ಒಂದು ಹಳೇ ಸ್ಟೀರಿಂಗ್ ವೀಲ್ ಬೇರೆ ಇದೆ ಅವನ ಹತ್ರ. ಸೆಕೆಂಡ್ ಹ್ಯಾಂಡಲ್ಲಿ ಎರಡು ಪ್ರೊಸೆಸರ್ ಸಿಕ್ಕಿದಾವಂತೆ, ಎರಡೂ ಎಎಂಡಿ ಕಂಪನಿದು, ಎರಡೂ ರೈಜನ್ 7, ಒಂದು 5800ಎಕ್ಸ್, ಇನ್ನೊಂದು 5800ಎಕ್ಸ್3ಡಿ. ಸ್ಪೀಡ್ ಜಾಸ್ತಿ ಇರೋದು ಮೊದಲನೇದು, ರೇಟ್ ಜಾಸ್ತಿ ಹೇಳ್ತಿರೋದು ಎರಡನೇದಕ್ಕೆ, ಅದೂ ಐನೂರು ಸಾವಿರದ ಮಾತಲ್ಲ. "ಯಾರೋ ಟೋಪಿ ಹಾಕ್ತಿದಾರೆ ಅನ್ಸುತ್ತೆ" ಅಂದ.

ಟೋಪಿ ಅಲ್ಲ ಕಣೋ ಅಂತ ನಾನು ಶುರು ಮಾಡಿದ್ದು ಮುಕ್ಕಾಲು ಗಂಟೆ ಎಳೀತು. ಅದನ್ನೇ ಇಲ್ಲಿ ಸ್ವಲ್ಪ ಸರಿಯಾಗಿ ಬರೀತಿದೀನಿ, ಯಾಕಂದ್ರೆ ಗೇಮಿಗೆ ಪ್ರೊಸೆಸರ್‌ನಿಂದ ಏನು ಬೇಕು, ಕೆಲಸಕ್ಕೆ ಏನು ಬೇಕು ಅನ್ನೋದು ಅರ್ಥ ಆಗೋಕೆ ಈ ಜೋಡಿಗಿಂತ ಒಳ್ಳೇ ಉದಾಹರಣೆ ನಂಗಂತೂ ಸಿಕ್ಕಿಲ್ಲ. ಇಂಟೆಲ್‌ದೊಂದು ಎಎಂಡಿದೊಂದು ಪಕ್ಕಪಕ್ಕ ಇಟ್ರೆ ಕೋರ್ (ಒಳಗೆ ಲೆಕ್ಕ ಮಾಡೋ ಭಾಗ) ಬೇರೆ, ಬೋರ್ಡ್ ಬೇರೆ, ರ‍್ಯಾಮ್ ಬೇರೆ, ಕರೆಂಟ್ ಎಳಿಯೋದು ಬೇರೆ, ಹತ್ತು ವಿಷಯ ಒಟ್ಟಿಗೆ ಬದಲಾಗುತ್ತೆ, ಗೆದ್ದಿದ್ದು ಯಾಕೆ ಅಂತ ಹೇಳೋದೇ ಕಷ್ಟ. ಇಲ್ಲಿ ಹಂಗಲ್ಲ. ಇವೆರಡೂ ಅಣ್ಣ ತಮ್ಮ. ಒಂದೇ ಥರದ ಕೋರ್, ಬೋರ್ಡ್ ಮೇಲೆ ಕೂರೋ ಸಾಕೆಟ್ಟೂ ಒಂದೇ, ಬದಲಾಗಿರೋದು ಹೆಚ್ಚೂಕಮ್ಮಿ ಒಂದೇ ಒಂದು ಸಂಗತಿ.

ಮೊದಲು ಜಾತಕ ನೋಡೋಣ. 5800ಎಕ್ಸ್ ಬಂದಿದ್ದು 2020ರ ನವೆಂಬರಲ್ಲಿ, 5800ಎಕ್ಸ್3ಡಿ ಬಂದಿದ್ದು 2022ರ ಏಪ್ರಿಲಲ್ಲಿ, ಬಿಡುಗಡೆ ರೇಟು ಎರಡಕ್ಕೂ 449 ಡಾಲರ್. ಎರಡರಲ್ಲೂ 8 ಕೋರ್, 16 ಥ್ರೆಡ್. ಎರಡರಲ್ಲೂ ಜೆನ್ 3 ಅನ್ನೋ ಡಿಸೈನ್, ಎರಡೂ ಎಎಂ4 ಸಾಕೆಟ್, ಡಿಡಿಆರ್4 ರ‍್ಯಾಮ್, ಡಬ್ಬದ ಮೇಲೆ ಬರೆದಿರೋದು 105 ವ್ಯಾಟ್. 5800ಎಕ್ಸ್ ಬೇಸ್ ಸ್ಪೀಡ್ 3.8 ಗಿಗಾಹರ್ಟ್ಜ್, ಬೂಸ್ಟ್ ಆದ್ರೆ 4.7. ತ್ರೀಡಿದು (ಇನ್ಮೇಲೆ ಅದನ್ನ ತ್ರೀಡಿ ಅಂತಲೇ ಕರೀತೀನಿ, ಪೂರ್ತಿ ಹೆಸರು ಟೈಪ್ ಮಾಡಿ ಬೆರಳು ನೋಯುತ್ತೆ) ಬೇಸ್ 3.4, ಬೂಸ್ಟ್ 4.5. ಇಲ್ಲಿವರೆಗೆ ನೋಡಿದ್ರೆ ನಮ್ಮ ತಮ್ಮನ ಅನುಮಾನ ಸರಿನೇ, ಸ್ಪೀಡ್ ಲೆಕ್ಕದಲ್ಲಿ ತ್ರೀಡಿ ಒಂದು ಕೈ ಕಮ್ಮಿ. ಆದ್ರೆ ಸ್ಪೆಕ್ ಹಾಳೆಯಲ್ಲಿ ಕೆಳಗಡೆ ಯಾರೂ ಓದದೇ ಇರೋ ಒಂದು ಸಾಲಿದೆ, ಎಲ್3 ಕ್ಯಾಶ್. 5800ಎಕ್ಸ್‌ಗೆ 32 ಎಂಬಿ, ತ್ರೀಡಿಗೆ 96 ಎಂಬಿ. ಜಗಳ ಪೂರ್ತಿ ಇರೋದು ಆ ಸಾಲಲ್ಲಿ.

ಕ್ಯಾಶ್ ಅಂದ್ರೆ ಏನು? ಪ್ರೊಸೆಸರ್ ಒಳಗೇ ಇರೋ ಸಣ್ಣ, ಚುರುಕು ಮೆಮೊರಿ, ಎಲ್1, ಎಲ್2, ಎಲ್3 ಅಂತ ಮೂರು ಹಂತ. ಬೆಳಿಗ್ಗೆ ಎಂಟೂವರೆಗೆ ಯಾವುದಾದ್ರೂ ದರ್ಶಿನಿಯಲ್ಲಿ ಕೌಂಟರ್ ಹತ್ರ ನಿಂತು ಒಳಗಡೆ ನೋಡಿ. ದೋಸೆ ಕಲ್ಲಿನ ಮುಂದೆ ನಿಂತಿರೋ ಭಟ್ಟರ ಕೈಗೆ ಎಟಕೋ ಹಂಗೆ ಎಣ್ಣೆ ಬಟ್ಟಲು, ಕೆಂಪು ಚಟ್ನಿ, ಪಲ್ಯದ ಪಾತ್ರೆ. ಅದು ಎಲ್1. ಬೆನ್ನ ಹಿಂದಿನ ಕಟ್ಟೆ ಮೇಲೆ ಹಿಟ್ಟಿನ ಕೊಳಗ, ಹೆಚ್ಚಿದ ಈರುಳ್ಳಿ, ಅದು ಎಲ್2. ಒಳಗಿನ ಸಣ್ಣ ಉಗ್ರಾಣ ಎಲ್3. ಅಲ್ಲೂ ಇಲ್ಲ ಅಂದ್ರೆ ಹುಡುಗನ್ನ ಸೈಕಲ್ ಹತ್ತಿಸಿ ಮಾರ್ಕೆಟ್ಟಿಗೆ ಕಳಿಸಬೇಕು, ಅದೇ ರ‍್ಯಾಮ್. ಭಟ್ಟರ ಕೈ ಎಷ್ಟೇ ಚುರುಕಿದ್ರೂ ಹುಡುಗ ವಾಪಸ್ ಬರೋವರೆಗೂ ಆ ದೋಸೆ ನಿಂತ ಹಾಗೇ.

ಎಷ್ಟು ಹೊತ್ತು ನಿಲ್ಲುತ್ತೆ ಅಂತ ಲೆಕ್ಕ ಹಾಕಿದ್ರೆ ಗಾಬರಿ ಆಗುತ್ತೆ. ಪ್ರೊಸೆಸರ್ ಒಳಗೆ ಟೈಮನ್ನ ಸೈಕಲ್ (ಹುಡುಗ ಹತ್ತಿದ ಸೈಕಲ್ ಅಲ್ಲ, ಗಡಿಯಾರದ ಟಿಕ್ ಥರ ಒಂದು ಮಿಡಿತ) ಅಂತ ಎಣಿಸ್ತಾರೆ, 4.5 ಗಿಗಾಹರ್ಟ್ಜ್ ಅಂದ್ರೆ ಸೆಕೆಂಡಿಗೆ 450 ಕೋಟಿ ಸೈಕಲ್. ಜೆನ್ 3ರಲ್ಲಿ ಒಂದು ಕೋರ್‌ಗೆ ಎಲ್1 ಡೇಟಾ ಕ್ಯಾಶ್ 32 ಕೆಬಿ, ಅಲ್ಲಿಂದ ಡೇಟಾ ತರೋಕೆ 4 ಸೈಕಲ್ ಸಾಕು. ಎಲ್2 512 ಕೆಬಿ, 12 ಸೈಕಲ್. ಎಲ್3 ಅಂದ್ರೆ ಸುಮಾರು 46 ಸೈಕಲ್. ಅದೂ ದಾಟಿ ರ‍್ಯಾಮ್‌ಗೆ ಹೋದ್ರೆ ಸುಮಾರು 70 ನ್ಯಾನೋಸೆಕೆಂಡ್, ಅಂದ್ರೆ ಮುನ್ನೂರು ಚಿಲ್ಲರೆ ಸೈಕಲ್! ನಾಲ್ಕೆಲ್ಲಿ, ಮುನ್ನೂರೆಲ್ಲಿ. ಒಂದು ಸಲ ಮಾರ್ಕೆಟ್ಟಿಗೆ ಹೋಗಿ ಬರೋದ್ರೊಳಗೆ ಕೈಗೆಟಕೋ ಬಟ್ಟಲಿಂದ ಎಪ್ಪತ್ತೈದು ಸಲ ತಗೋಬಹುದಿತ್ತು.

ಈಗ ಗೇಮ್ ಕಡೆ ಬನ್ನಿ. 144 ಹರ್ಟ್ಜ್ ಮಾನಿಟರ್, ಅಂದ್ರೆ ಸೆಕೆಂಡಿಗೆ 144 ಫ್ರೇಮ್ (ಚಿತ್ರ) ತೋರಿಸೋದು, ಇಟ್ಕೊಂಡಿದೀರ ಅನ್ಕೊಳ್ಳಿ, ಒಂದು ಫ್ರೇಮ್ ರೆಡಿ ಮಾಡೋಕೆ ಪ್ರೊಸೆಸರ್‌ಗೆ ಸಿಗೋ ಟೈಮು 6.9 ಮಿಲಿಸೆಕೆಂಡ್, 4.5 ಗಿಗಾಹರ್ಟ್ಜ್‌ನಲ್ಲಿ ಅದು ಸುಮಾರು 3 ಕೋಟಿ 10 ಲಕ್ಷ ಸೈಕಲ್. ಕೇಳೋಕೆ ಜಾಸ್ತಿ ಅನ್ಸುತ್ತೆ. ಆದ್ರೆ ಒಂದಾದ ಮೇಲೊಂದು ಹಂಗೇ ಒಂದು ಲಕ್ಷ ಸಲ ರ‍್ಯಾಮ್‌ಗೆ ಓಡಬೇಕಾಗಿ ಬಂದ್ರೆ ಅಷ್ಟೂ ಸೈಕಲ್ ಬರೀ ಕಾಯೋದ್ರಲ್ಲೇ ಮುಗಿದುಹೋಯ್ತು, ಕೆಲಸ ಸೊನ್ನೆ. ನಿಜದಲ್ಲಿ ಪ್ರೊಸೆಸರ್ ಅಷ್ಟು ದಡ್ಡ ಅಲ್ಲ, ಒಂದಕ್ಕೆ ಕಾಯ್ತಾ ಇನ್ನೊಂದು ಕೆಲಸ ಮಾಡ್ಕೊಳುತ್ತೆ, ನಾಲ್ಕಾರು ಜನ ಹುಡುಗರನ್ನ ಒಟ್ಟಿಗೆ ಓಡಿಸುತ್ತೆ. ಆದ್ರೆ ಗೇಮ್‌ಗಳಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ಈ ಕಾರು ಎಲ್ಲಿದೆ ನೋಡು, ಅದರ ಟೈರ್ ಯಾವ್ದು ನೋಡು, ಆ ಟೈರ್ ಯಾವ ರಸ್ತೆ ತುಂಡಿನ ಮೇಲಿದೆ ನೋಡು, ಆ ತುಂಡು ಒದ್ದೆಯೋ ಒಣಗಿದೆಯೋ ನೋಡು. ಒಂದು ಉತ್ತರ ಸಿಗದೇ ಮುಂದಿನ ಪ್ರಶ್ನೆನೇ ಗೊತ್ತಾಗಲ್ಲ. ಡೇಟಾ ಎಲ್ಲ ಮೆಮೊರಿಯಲ್ಲಿ ದಿಕ್ಕಾಪಾಲಾಗಿ ಬಿದ್ದಿರುತ್ತೆ, ಆಡೋರು ಎಡಕ್ಕೆ ತಿರುಗಿಸ್ತಾರೋ ಬಲಕ್ಕೆ ತಿರುಗಿಸ್ತಾರೋ ಅದೂ ಗೊತ್ತಿಲ್ಲ. ಒಬ್ಬ ಸೆಟ್ ದೋಸೆ, ಒಬ್ಬ ಖಾರಾಬಾತ್, ಒಬ್ಬ ಇಡ್ಲಿ ಬೇಡ ವಡೆ ಮಾತ್ರ, ಎಂಟೂವರೆ ದರ್ಶಿನಿ ಅಂತ ಹೇಳಿದ್ನಲ್ಲ ಅದು ಇದೇ. ಅಲ್ಲಿ ಗೆಲ್ಲೋದು ಕೈ ಚುರುಕಿರೋ ಭಟ್ಟರಲ್ಲ, ಉಗ್ರಾಣ ದೊಡ್ಡದಿರೋ ಭಟ್ಟರು.

ಮದುವೆ ಅಡುಗೆ ಇದಕ್ಕೆ ಪೂರ್ತಿ ಉಲ್ಟಾ. ಸಾವಿರ ಎಲೆ, ಮೆನು ತಿಂಗಳ ಮುಂಚೆನೇ ಫಿಕ್ಸು, ಸಾಮಾನಿನ ಪಟ್ಟಿ ಕೊಟ್ಟಿದಾರೆ, ಟೆಂಪೋ ಹೊತ್ತಿಗೆ ಸರಿಯಾಗಿ ಬಂದು ಇಳಿಸುತ್ತೆ, ಒಬ್ಬರು ಪಲ್ಯ ಒಬ್ಬರು ಪಾಯಸ ಒಬ್ಬರು ಅನ್ನ ಅಂತ ಹಂಚ್ಕೊಂಡು ಮಾಡ್ತಾರೆ. ಅಲ್ಲಿ ಉಗ್ರಾಣ ಸಣ್ಣದೋ ದೊಡ್ಡದೋ ಯಾರಿಗೂ ಬಿದ್ದಿಲ್ಲ, ಎಷ್ಟು ಜನ ಅಡುಗೆಯವರು ಮತ್ತೆ ಎಷ್ಟು ಚುರುಕು ಅಷ್ಟೇ ಮುಖ್ಯ. ವಿಡಿಯೋ ರೆಂಡರ್, ಬ್ಲೆಂಡರ್‌ನಲ್ಲಿ (ಅದೊಂದು ಸಾಫ್ಟ್‌ವೇರ್) ಮೂರು ಆಯಾಮದ ಚಿತ್ರ ತೆಗಿಯೋದು, ಸಾವಿರ ಫೋಟೋ ಒಂದೇ ಸಲ ಎಕ್ಸ್‌ಪೋರ್ಟ್ ಮಾಡೋದು, ಇವೆಲ್ಲ ಬಹುಪಾಲು ಮದುವೆ ಅಡುಗೆ. ಮುಂದಿನ ಡೇಟಾ ಯಾವ್ದು ಅಂತ ಪ್ರೊಸೆಸರ್ ಮೊದಲೇ ಊಹೆ ಮಾಡಿ ತರಿಸಿಟ್ಕೊಂಡಿರುತ್ತೆ, ಕಾಯೋ ಪ್ರಸಂಗ ಕಮ್ಮಿ. ಹಂಗಾಗಿ ಇಲ್ಲಿ 4.7 ಓಡೋ 5800ಎಕ್ಸ್ ಮುಂದೆ, 4.5 ಓಡೋ ತ್ರೀಡಿ ಹಿಂದೆ. ಎಷ್ಟು ಹಿಂದೆ ಅಂದ್ರೆ ಸ್ಪೀಡಲ್ಲಿ ಎಷ್ಟು ವ್ಯತ್ಯಾಸ ಇದೆಯೋ ಹೆಚ್ಚೂಕಮ್ಮಿ ಅಷ್ಟೇ, ನೂರಕ್ಕೆ ನಾಲ್ಕೈದು. ಒಂದು ಗಂಟೆ ರೆಂಡರ್‌ಗೆ ಎರಡು ಮೂರು ನಿಮಿಷ ಜಾಸ್ತಿ, ಎದ್ದು ಹೋಗಿ ಟೀ ಕುಡ್ಕೊಂಡು ಬಂದ್ರೆ ಗೊತ್ತೇ ಆಗಲ್ಲ.

ಸರಿ, ಉಗ್ರಾಣ ದೊಡ್ಡದು ಮಾಡಿದ್ರೆ ಒಳ್ಳೇದು ಅಂತ ಗೊತ್ತಿದ್ಮೇಲೆ ಮೊದಲಿಂದಲೂ ಯಾಕೆ ಮಾಡ್ಲಿಲ್ಲ? ಜಾಗ ಇಲ್ಲ, ಅಷ್ಟೇ. ಎಂಟು ಕೋರ್ ಇರೋ ಆ ಸಿಲಿಕಾನ್ ತುಂಡು ಸುಮಾರು 81 ಚದರ ಮಿಲಿಮೀಟರ್, ನಿಮ್ಮ ಕಿರುಬೆರಳಿನ ಉಗುರಿನಷ್ಟು, ಅದರಲ್ಲಿ ಒಂದು ದೊಡ್ಡ ಪಾಲು ಆಗಲೇ 32 ಎಂಬಿ ಕ್ಯಾಶೇ ತಿಂದಿದೆ. ಅಗಲಕ್ಕೆ ಬೆಳೆಸಿದ್ರೆ ತುಂಡು ದೊಡ್ಡದಾಗುತ್ತೆ, ಖರ್ಚು ಏರುತ್ತೆ, ದೂರ ಜಾಸ್ತಿಯಾಗಿ ಕ್ಯಾಶೇ ನಿಧಾನ ಆಗುತ್ತೆ. ಬೆಂಗಳೂರಲ್ಲಿ ಸೈಟ್ ಸಿಗದಿದ್ರೆ ಏನ್ ಮಾಡ್ತಾರೆ, ಮೇಲೊಂದು ಫ್ಲೋರ್ ಕಟ್ತಾರೆ. ಎಎಂಡಿಯವರು ಮಾಡಿದ್ದೂ ಅದೇ. 64 ಎಂಬಿ ಕ್ಯಾಶ್ ಮಾತ್ರ ಇರೋ ಇನ್ನೊಂದು ತೆಳು ತುಂಡು ಮಾಡಿ, ಕೆಳಗಿನ ಕ್ಯಾಶ್ ಮೇಲೆ ನೇರವಾಗಿ ಕೂರಿಸಿದ್ರು. ಬೆಸುಗೆ ಇಲ್ಲ, ಸೀಸ ಇಲ್ಲ, ಎರಡೂ ತುಂಡಿನ ತಾಮ್ರದ ಚುಕ್ಕೆಗಳನ್ನ ಒಂದರ ಮೇಲೊಂದು ಇಟ್ಟು ತಾಮ್ರಕ್ಕೆ ತಾಮ್ರ ಅಂಟಿಸೋ ಟಿಎಸ್‌ಎಂಸಿ ಕಂಪನಿಯ ವಿದ್ಯೆ. ಒಟ್ಟು ಎತ್ತರ ಮಾಮೂಲಿ ಚಿಪ್ಪಿನಷ್ಟೇ ಇರ್ಲಿ ಅಂತ ಸಿಲಿಕಾನನ್ನ ಉಜ್ಜಿ ತೆಳ್ಳಗೆ ಮಾಡಿದಾರೆ, ಹಂಗಾಗಿ ಹಳೇ ಕೂಲರ್ರೇ ಕೂರುತ್ತೆ. ಮೇಲಿನ ಮಹಡಿಗೆ ಹೋಗಿ ಬರೋಕೆ ಜಾಸ್ತಿ ಆಗೋ ಟೈಮು ಬರೀ ನಾಲ್ಕು ಸೈಕಲ್ ಅಂತ ಎಎಂಡಿ ಲೆಕ್ಕ. ಮುನ್ನೂರರ ಎದುರು ನಾಲ್ಕು!

ಈ ಐಡಿಯಾವನ್ನ ಎಎಂಡಿ ಮುಖ್ಯಸ್ಥೆ ಲಿಸಾ ಸು 2021ರ ಕಂಪ್ಯೂಟರ್ ಮೇಳ ಕಂಪ್ಯೂಟೆಕ್ಸ್‌ನಲ್ಲಿ ತೋರಿಸಿದಾಗ ಗೇಮಿಂಗ್‌ನಲ್ಲಿ ಸರಾಸರಿ ನೂರಕ್ಕೆ ಹದಿನೈದು ಲಾಭ ಅಂದಿದ್ರು. ಒಂದು ಹೊಸ ತಲೆಮಾರಿನ ಪ್ರೊಸೆಸರ್ ಬಂದ್ರೆ ಎಷ್ಟು ಲಾಭ ಬರುತ್ತೋ ಅಷ್ಟು, ಬರೀ ಮೆಮೊರಿ ಪೇರಿಸಿ.

ಪುಕ್ಕಟೆ ಅಲ್ಲ ಮತ್ತೆ. ಕ್ಯಾಶ್ ಇಟ್ಟ ಜಾಗ ಬಿಟ್ಟು ಉಳಿದ ಕಡೆ, ಅಂದ್ರೆ ಕೋರ್‌ಗಳ ಮೇಲೆ, ಮಟ್ಟ ಸರಿ ಮಾಡೋಕೆ ಖಾಲಿ ಸಿಲಿಕಾನ್ ತುಂಡು ಇಟ್ಟಿದಾರೆ. ಕೋರ್‌ನ ಬಿಸಿ ಈಗ ಅದನ್ನ ದಾಟಿ ಮೇಲೆ ಬರಬೇಕು, ಕಂಬಳಿ ಹೊದ್ದ ಹಾಗೆ. ಜೊತೆಗೆ ಆ ಪದರ ಜಾಸ್ತಿ ವೋಲ್ಟೇಜ್ ತಡಕೊಳಲ್ಲ, ಅದಕ್ಕೇ 1.35 ವೋಲ್ಟ್‌ಗೆ ಬೀಗ ಹಾಕಿ, ಸ್ಪೀಡ್ ಇಳಿಸಿ, ಓವರ್‌ಕ್ಲಾಕ್ (ಕಂಪನಿ ಇಟ್ಟ ಮಿತಿಗಿಂತ ಸ್ಪೀಡ್ ಏರಿಸೋದು) ಮಾಡೋಕೂ ಬಿಡದೇ ಕೊಟ್ಟಿದ್ದು. ನಮ್ಮ ತಮ್ಮನಿಗೆ ಕಂಡ 3.4 ಅದರ ಫಲ. ಕೋರ್ ಸೋಮಾರಿ ಆಗಿದ್ದಲ್ಲ, ಮಹಡಿ ಕಟ್ಟಿದ್ದಕ್ಕೆ ಕಟ್ಟಿದ ತೆರಿಗೆ. (2024ರ ನವೆಂಬರಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶನ್ನ ಕೋರ್ ಕೆಳಗೆ ಹಾಕಿ ಈ ತಲೆನೋವು ನಿವಾರಿಸಿದ್ರು, ಅದರಲ್ಲಿ ಓವರ್‌ಕ್ಲಾಕ್ ಕೂಡ ಬಿಟ್ಟಿದಾರೆ. ಮಹಡಿ ಬದಲು ನೆಲಮಾಳಿಗೆ.)

ಈಗ ಗೇಮ್ ಅಂದ ತಕ್ಷಣ ಎಲ್ಲದಕ್ಕೂ ಲಾಭ ಅಂತ ಕುಣಿಬೇಡಿ. ಎಎಂಡಿಯವರೇ 2022ರ ಜನವರಿಯಲ್ಲಿ ತೋರಿಸಿದ ಪಟ್ಟಿಯಲ್ಲಿ, ಅವರದೇ ದುಬಾರಿ 5900ಎಕ್ಸ್ ಎದುರು, ಕೆಲವು ಗೇಮಲ್ಲಿ ತ್ರೀಡಿ ಚೆನ್ನಾಗಿ ಮುಂದಿತ್ತು, ಸಿಎಸ್‌ಗೋದಲ್ಲಿ (ಒಂದು ಶೂಟಿಂಗ್ ಗೇಮು) ಮಾತ್ರ ಸಮಸಮ. ಯಾಕಂದ್ರೆ ಆ ಹಳೇ ಗೇಮಿನ ಬೇಕು ಬೇಡಗಳೆಲ್ಲ 32 ಎಂಬಿಯಲ್ಲೇ ತೀರಿಹೋಗ್ತಿತ್ತು, ಉಗ್ರಾಣ ತುಂಬದೇ ಇದ್ರೆ ದೊಡ್ಡ ಉಗ್ರಾಣ ಯಾಕೆ. ಅದರ ಮುಂದಿನ ಅವತಾರ ಸಿಎಸ್2 ಕಥೆ ಬೇರೆ, ಅಲ್ಲಿ ತ್ರೀಡಿ ಜಾತಿಯವು ಮುಂದೆ. ಫ್ಲೈಟ್ ಸಿಮ್ಯುಲೇಟರ್, ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಥರದ ಸಿಮ್ಯುಲೇಶನ್‌ಗಳಲ್ಲಿ, ಜನ ಜಾತ್ರೆ ಸೇರೋ ದೊಡ್ಡ ಆನ್‌ಲೈನ್ ಗೇಮ್‌ಗಳಲ್ಲಿ ತ್ರೀಡಿ ನಿಜಕ್ಕೂ ಎದ್ದು ಕಾಣುತ್ತೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಫ್ಯಾಕ್ಟೋರಿಯೋ. ಫ್ಯಾಕ್ಟರಿ ಕಟ್ಟೋ ಗೇಮು, ಬೆಲ್ಟು, ಕೈಯಂತ್ರ, ಕುಲುಮೆ, ಸಾವಿರಾರು ಸಾಮಾನು ಪ್ರತಿ ಕ್ಷಣ ಒಂದಿಂಚು ಸರೀತಿರುತ್ತೆ, ಗ್ರಾಫಿಕ್ಸ್ ಏನೂ ಇಲ್ಲ, ಪೂರ್ತಿ ಪ್ರೊಸೆಸರ್ ಮತ್ತು ಮೆಮೊರಿ ಆಟ. ಫ್ಯಾಕ್ಟರಿ ಮಧ್ಯಮ ಗಾತ್ರದ್ದಾಗಿದ್ದು ಅದರ ಡೇಟಾ 96 ಎಂಬಿಯಲ್ಲಿ ಕೂರೋ ಹಂಗಿದ್ರೆ ತ್ರೀಡಿ ಎದುರು 5800ಎಕ್ಸ್ ನಿಲ್ಲೋದೇ ಇಲ್ಲ. ಆದ್ರೆ ಫ್ಯಾಕ್ಟರಿ ಬೆಳೆಸ್ತಾ ಬೆಳೆಸ್ತಾ ರಾಕ್ಷಸನ ಥರ ಮಾಡಿದ್ರೆ 96 ಎಂಬಿಯೂ ತುಂಬಿ ಹರಿಯುತ್ತೆ, ಆಗ ತ್ರೀಡಿಯೂ ಮಾರ್ಕೆಟ್ಟಿಗೆ ಹುಡುಗನ್ನ ಓಡಿಸ್ಬೇಕು, ಲಾಭ ಕರಗ್ತಾ ಬರುತ್ತೆ. ಕ್ಯಾಶ್ ಅಂದ್ರೆ ಏನು ಅಂತ ಕಣ್ಣಲ್ಲಿ ನೋಡಬೇಕಂದ್ರೆ ಆ ಗೇಮ್ ಸಾಕು.

ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಬಿಟ್ಟು ಇನ್ನೊಂದಿದೆ, ಒನ್ ಪರ್ಸೆಂಟ್ ಲೋ ಅಂತ ಕರೀತಾರೆ, ನೂರು ಫ್ರೇಮಲ್ಲಿ ಅತಿ ಕೆಟ್ಟ ಒಂದು ಫ್ರೇಮ್ ಎಷ್ಟು ಕೆಟ್ಟದಿತ್ತು ಅಂತ. ಕಾರು ತಿರುವಲ್ಲಿ ತಿರುಗ್ತಿದ್ದಾಗ ಚೂರು ಜರ್ಕ್ ಆಗುತ್ತಲ್ಲ, ಅದು. ಹುಡುಗ ಮಾರ್ಕೆಟ್ಟಿಂದ ಬರೋದು ತಡ ಆದ ಕ್ಷಣ. ಕ್ಯಾಶ್ ದೊಡ್ಡದಿದ್ರೆ ಮೊದಲು ಸುಧಾರಿಸೋದು ಇದೇ, ಅದಕ್ಕೇ ತ್ರೀಡಿ ಹಾಕಿಸಿದವರು "ನಂಬರ್ ಬಿಡಪ್ಪ, ಸ್ಮೂತ್ ಆಯ್ತು" ಅಂತಾರೆ.

ಇಷ್ಟೆಲ್ಲ ಹೇಳಿದ್ಮೇಲೆ ದೊಡ್ಡ ಆದರೆ ಒಂದಿದೆ. ಪ್ರೊಸೆಸರ್ ಫ್ರೇಮಿಗೆ ಲೆಕ್ಕ ಹಾಕಿ ಕೊಡುತ್ತೆ, ಬಣ್ಣ ಬಳಿಯೋದು ಗ್ರಾಫಿಕ್ಸ್ ಕಾರ್ಡ್. 4ಕೆ ಟಿವಿಯಲ್ಲಿ ಎಲ್ಲ ಸೆಟ್ಟಿಂಗ್ ಅಲ್ಟ್ರಾ ಇಟ್ಟು ಆಡೋರಿಗೆ ಗ್ರಾಫಿಕ್ಸ್ ಕಾರ್ಡೇ ಏದುಸಿರು ಬಿಡ್ತಿರುತ್ತೆ, ಪ್ರೊಸೆಸರ್ ಕೈಕಟ್ಟಿ ಕೂತಿರುತ್ತೆ, ಅಲ್ಲಿ 5800ಎಕ್ಸ್ ಹಾಕಿ ತ್ರೀಡಿ ಹಾಕಿ, ಬಹಳಷ್ಟು ಗೇಮಲ್ಲಿ ಒಂದೇ. ವಿಮರ್ಶೆ ಮಾಡೋರು 1080ಪಿಯಲ್ಲಿ (4ಕೆಗಿಂತ ಚುಕ್ಕೆ ಕಮ್ಮಿ, ಕಾರ್ಡಿಗೆ ಹಗುರ) ದೊಡ್ಡ ಕಾರ್ಡ್ ಹಾಕಿ ಟೆಸ್ಟ್ ಮಾಡೋದು ಪ್ರೊಸೆಸರ್ ವ್ಯತ್ಯಾಸ ಕಾಣ್ಲಿ ಅಂತ, ನಿಮ್ಮ ಮನೇಲೂ ಅಷ್ಟೇ ಬರುತ್ತೆ ಅಂತಲ್ಲ. ನಿಮ್ಮದು ಯಾವ ಕೇಸ್ ಅಂತ ತಿಳಿಯೋಕೆ ದುಡ್ಡು ಖರ್ಚಿಲ್ಲ. ಗೇಮ್ ಓಡ್ತಿದ್ದಾಗ ಗ್ರಾಫಿಕ್ಸ್ ಕಾರ್ಡ್ ಎಷ್ಟು ಪರ್ಸೆಂಟ್ ಕೆಲಸ ಮಾಡ್ತಿದೆ ನೋಡಿ. 97, 98, 99 ಅಂತ ಇದ್ರೆ ಪ್ರೊಸೆಸರ್ ಬದಲಾಯಿಸೋ ಆಸೆ ಬಿಡಿ. ಅರವತ್ತು ಎಪ್ಪತ್ತರಲ್ಲಿ ಓಲಾಡ್ತಿದ್ರೆ, ಎಫ್‌ಪಿಎಸ್‌ಗೆ ನೀವೇ ಮಿತಿ ಹಾಕಿಲ್ಲ ಅಂದ್ರೆ, ಕಾರ್ಡಿಗೆ ಹೊತ್ತಿಗೆ ಸರಿಯಾಗಿ ಕೆಲಸ ಸಿಗ್ತಿಲ್ಲ ಅಂತ ಅರ್ಥ.

ದಿನನಿತ್ಯದ ಕೆಲಸ? ಕ್ರೋಮ್‌ನಲ್ಲಿ ನಲವತ್ತು ಟ್ಯಾಬ್, ಎಕ್ಸೆಲ್, ಕನ್ನಡ ಟೈಪಿಂಗ್, ವಿಡಿಯೋ ಕಾಲ್, ಬಿಲ್ಲಿಂಗ್ ಸಾಫ್ಟ್‌ವೇರ್. ಎರಡರಲ್ಲಿ ಯಾವುದು ಅಂತ ಕಣ್ಣುಕಟ್ಟಿ ಕೂರಿಸಿದ್ರೆ ಯಾರಿಗೂ ಹೇಳೋಕಾಗಲ್ಲ, ನಂಗೂ ಆಗಲ್ಲ. ಅಲ್ಲಿ ಫರಕ್ ಮಾಡೋದು ಎಸ್‌ಎಸ್‌ಡಿ ಮತ್ತು ರ‍್ಯಾಮ್ ಎಷ್ಟಿದೆ ಅನ್ನೋದು. ಇನ್ನೊಂದು, ಇವೆರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದಿದ್ರೆ ಸ್ಕ್ರೀನ್ ಮೇಲೆ ಏನೂ ಬರಲ್ಲ. ಅಂಗಡಿ ಲೆಕ್ಕಕ್ಕೆ, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಇವನ್ನ ತಗೊಳೋದು ತರಕಾರಿ ತರೋಕೆ ಲಾರಿ ತಗೊಂಡ ಹಾಗೆ. ಅಂಥವರಿಗೆ ಒಳಗೇ ಗ್ರಾಫಿಕ್ಸ್ ಇರೋ 5600ಜಿ ಸಾಕು.

ಕೆಲಸಕ್ಕೆ ಕ್ಯಾಶ್ ಬೇಡವೇ ಬೇಡ ಅಂತಾನೂ ಅಲ್ಲ. ಈ ಮಹಡಿ ಕ್ಯಾಶ್ ಸರ್ವರ್ ಪ್ರೊಸೆಸರ್‌ಗಳಲ್ಲೂ ಬಂತು, 2022ರ ಮಾರ್ಚಲ್ಲಿ, ತ್ರೀಡಿಗಿಂತ ಒಂದು ತಿಂಗಳು ಮುಂಚೆ, ಮಿಲಾನ್-ಎಕ್ಸ್ ಅಂತ, ಒಟ್ಟು 768 ಎಂಬಿ ಎಲ್3. ಅದನ್ನ ಮಾರಿದ್ದು ಯಾರಿಗೆ ಗೊತ್ತಾ? ಗಾಳಿ ನೀರಿನ ಹರಿವು ಲೆಕ್ಕ ಹಾಕೋ ಎಂಜಿನಿಯರುಗಳಿಗೆ ಮತ್ತು ಚಿಪ್ ಡಿಸೈನ್ ಮಾಡೋರಿಗೆ. ಚಿಪ್ ತಯಾರಾಗೋ ಮುಂಚೆ ಸಾಫ್ಟ್‌ವೇರಲ್ಲಿ ಓಡಿಸಿ ತಪ್ಪು ಹುಡುಕೋ ವೆರಿಫಿಕೇಶನ್ ಕೆಲಸ ಇದೆಯಲ್ಲ, ಬೆಂಗಳೂರಲ್ಲಿ ಎಷ್ಟೋ ಮನೆಯ ಒಲೆ ಉರಿಯೋದು ಅದರಿಂದಲೇ, ಇಂಟೆಲ್‌ಗೂ ಎಎಂಡಿಗೂ ಎರಡಕ್ಕೂ ಇಲ್ಲಿ ದೊಡ್ಡ ಡಿಸೈನ್ ಸೆಂಟರ್ ಇದಾವೆ. ಆ ಕೆಲಸವೂ ಒಳಗೊಳಗೆ ದರ್ಶಿನಿಯೇ, ಮುಂದೆ ಯಾವ ಡೇಟಾ ಬೇಕು ಅಂತ ಮೊದಲೇ ಗೊತ್ತಾಗಲ್ಲ. ಹಂಗಾಗಿ ಗೇಮ್ ಒಂದು ಕಡೆ, ಕೆಲಸ ಒಂದು ಕಡೆ ಅಂತ ಗೆರೆ ಎಳಿಯೋದಕ್ಕಿಂತ ದರ್ಶಿನಿಯೋ ಮದುವೆಯೋ ಅಂತ ಕೇಳ್ಕೊಳೋದು ಒಳ್ಳೇದು.

ನಮ್ಮ ತಮ್ಮನ ಮನೆ ಪರಿಸ್ಥಿತಿಗೆ ಬರೋಣ. ಅವನ ಹತ್ರ ಇರೋದು ಬಿ450 ಬೋರ್ಡು, ರೈಜನ್ 5 2600, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 1080ಪಿ 144 ಹರ್ಟ್ಜ್ ಮಾನಿಟರ್. 2600 ಬಂದಿದ್ದು 2018ರಲ್ಲಿ, ಅದರಲ್ಲಿ ಎಲ್3 16 ಎಂಬಿ, ಅದೂ ಎಂಟೆಂಟು ಎಂಬಿಯ ಎರಡು ಭಾಗ, ಒಂದು ಭಾಗದ ಕೋರ್‌ಗೆ ಇನ್ನೊಂದು ಭಾಗದ ಉಗ್ರಾಣ ಪಕ್ಕದ ಮನೆ ಇದ್ದ ಹಾಗೆ. ಅವನಿಗೆ 5800ಎಕ್ಸ್ ಹಾಕಿದ್ರೂ ಹಬ್ಬವೇ. ರೇಸಿಂಗ್ ಮಾಡುವಾಗ ಗ್ರಾಫಿಕ್ಸ್ ಕಾರ್ಡ್ ಎಷ್ಟಿದೆ ನೋಡು ಅಂದೆ, ಇಪ್ಪತ್ತು ಕಂಪ್ಯೂಟರ್ ಕಾರು ಬಿಟ್ಟು ಸ್ಟಾರ್ಟ್ ಲೈನಲ್ಲಿ ನಿಂತಾಗ 55 ಪರ್ಸೆಂಟ್ ಅಂತ ಫೋಟೋ ಕಳಿಸಿದ. ಸಿಕ್ತಲ್ಲ ಉತ್ತರ. ಅದೇ ಫೋಟೋದಲ್ಲಿ ಇನ್ನೊಂದು ಕಾಣ್ತು, 3200ರ ರ‍್ಯಾಮ್ ತಗೊಂಡು ನಾಲ್ಕು ವರ್ಷದಿಂದ 2133ರಲ್ಲಿ ಓಡಿಸ್ತಿದಾನೆ ಪುಣ್ಯಾತ್ಮ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡೇ ಇಲ್ಲ. ಜೋಡಿಸಿಕೊಟ್ಟ ಅಂಗಡಿಯವರು ಹೇಳಿಲ್ಲ, ಇವನು ಕೇಳಿಲ್ಲ. ನೀವೂ ಒಂದ್ಸಲ ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಸ್ಪೀಡ್ ನೋಡ್ಕೊಳ್ಳಿ ಪ್ಲೀಸ್.

ರ‍್ಯಾಮ್ ವಿಷಯ ಇಲ್ಲಿ ಯಾಕೆ ಬಂತಂದ್ರೆ, 5800ಎಕ್ಸ್ ಪದೇ ಪದೇ ಮಾರ್ಕೆಟ್ಟಿಗೆ ಹೋಗೋದ್ರಿಂದ ಅದಕ್ಕೆ ಒಳ್ಳೇ ರ‍್ಯಾಮ್ ಬೇಕು, 3600ರದ್ದು ಹಾಕಿದ್ರೆ ಗೇಮಲ್ಲಿ ಚೆನ್ನಾಗಿ ಏರುತ್ತೆ. ತ್ರೀಡಿಗೆ ಅಷ್ಟು ಚಿಂತೆ ಇಲ್ಲ, ಇರೋ ರ‍್ಯಾಮಲ್ಲೇ ಸಂಸಾರ ಮಾಡುತ್ತೆ. 2025ರ ಕೊನೆಯಿಂದ ರ‍್ಯಾಮ್ ರೇಟ್ ಏರಿದ ರೀತಿ ನೋಡಿದ್ರೆ ಇದು ಸಣ್ಣ ವಿಷಯ ಅಲ್ಲ. ಎಎಂ5 ಬೋರ್ಡು, 7800ಎಕ್ಸ್3ಡಿ, ಡಿಡಿಆರ್5 ಅಂತ ಹೋದ್ರೆ ಅದು ಇನ್ನೂ ಫಾಸ್ಟು, ಒಪ್ತೀನಿ, ಹೊಸದಾಗಿ ಪೂರ್ತಿ ಕಟ್ಟಿಸೋರು ಅದನ್ನೇ ನೋಡಿ. ಆದ್ರೆ ಎಎಂ4 ಬೋರ್ಡ್ ಆಗಲೇ ಮನೇಲಿ ಇರೋರಿಗೆ ಬೋರ್ಡೂ ಬದಲಿಸದೇ ರ‍್ಯಾಮೂ ಬದಲಿಸದೇ ಒಂದು ತುಂಡು ಕಿತ್ತು ಇನ್ನೊಂದು ಹಾಕಿದ್ರೆ ಮುಗೀತು.

ನನ್ನ ಅಭಿಪ್ರಾಯ ಕೇಳಿದ್ರೆ, ಇವತ್ತಿನ ದಿನ 5800ಎಕ್ಸ್ ತಗೊಳೋಕೆ ಕಾರಣ ಬಹಳ ಕಮ್ಮಿ. ಬರೀ ರೆಂಡರ್, ಎಡಿಟಿಂಗ್ ಅಂದ್ರೆ 5700ಎಕ್ಸ್ ಇದೆ, ಅದೇ ಎಂಟು ಕೋರ್, ಬೂಸ್ಟ್ 4.6, ಆದ್ರೆ 65 ವ್ಯಾಟ್, ತಣ್ಣಗಿರುತ್ತೆ. 5800ಎಕ್ಸ್ ಮೊದಲಿಂದಲೂ ಬಿಸಿ ತಲೆಯ ಆಸಾಮಿ, ಸಣ್ಣ ತುಂಡಲ್ಲಿ ಅಷ್ಟೂ ಬಿಸಿ ಹುಟ್ಟುತ್ತೆ, ಪೂರ್ತಿ ಲೋಡ್ ಕೊಟ್ರೆ 142 ವ್ಯಾಟ್‌ವರೆಗೂ ಎಳಿಯುತ್ತೆ, ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಎಸಿ ಇಲ್ಲದ ರೂಮಲ್ಲಿ ಕೂತು ನೋಡಿ ಗೊತ್ತಾಗುತ್ತೆ. ತ್ರೀಡಿ ರೆಂಡರ್ ಹೊತ್ತಲ್ಲಿ ಕಂಬಳಿ ಕಾರಣಕ್ಕೆ ಬಿಸಿ ಏರಿಸ್ಕೊಂಡ್ರೂ ಗೇಮಲ್ಲಿ ಕರೆಂಟ್ ಕಮ್ಮಿಯೇ ತಗೊಳುತ್ತೆ. ಎರಡಕ್ಕೂ ಡಬ್ಬದಲ್ಲಿ ಕೂಲರ್ ಬರಲ್ಲ, ಒಂದು ಒಳ್ಳೇ ಟವರ್ ಕೂಲರ್ ಸಾಕು, ನೀರಿನ ಕೂಲರ್ ಶೋಕಿ. ತ್ರೀಡಿ ತಯಾರಿಕೆ 2024ರಲ್ಲಿ ನಿಲ್ಲಿಸಿದ್ರು, ಅದಕ್ಕೇ ಸೆಕೆಂಡ್ ಹ್ಯಾಂಡಲ್ಲೂ ಮಾರೋರು ಚೌಕಾಸಿಗೆ ಬಗ್ಗಲ್ಲ. ಅಷ್ಟು ದುಡ್ಡು ಬೇಡ ಅನ್ಸಿದ್ರೆ 5700ಎಕ್ಸ್3ಡಿ ಹುಡುಕಿ, 4.1 ಗಿಗಾಹರ್ಟ್ಜ್, ಇನ್ನೂ ನಿಧಾನ, ಆದ್ರೆ ಕ್ಯಾಶ್ ಅದೇ 96 ಎಂಬಿ.

ಅವನು ಕೊನೆಗೆ ತ್ರೀಡಿಯನ್ನೇ ತಗೊಂಡ. ಹಾಕೋ ಮುಂಚೆ ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್ಡೇಟ್ ಮಾಡು, ಯುಪಿಎಸ್ ಇಲ್ಲದೇ ಮಾಡಬೇಡ, ಮಧ್ಯೆ ಕರೆಂಟ್ ಹೋದ್ರೆ ಬೋರ್ಡ್ ಇಟ್ಟಿಗೆ ಆಗುತ್ತೆ ಅಂತ ಹೇಳಿದ್ದೆ, ಅದು ಸರಿಯಾಗಿ ಮಾಡಿದ. ಕೂಲರ್ ತೆಗಿಯೋ ಮುಂಚೆ ಹತ್ತು ನಿಮಿಷ ಏನಾದ್ರೂ ರೆಂಡರ್ ಹಾಕಿ ಬಿಸಿ ಮಾಡು, ಮಧ್ಯೆ ಹಚ್ಚಿರೋ ಪೇಸ್ಟ್ ಮೆತ್ತಗಾಗುತ್ತೆ, ಆಮೇಲೆ ಎಡಕ್ಕೆ ಬಲಕ್ಕೆ ತಿರುಗಿಸಿ ಮೆಲ್ಲಗೆ ಎತ್ತು, ಎಎಂ4ನಲ್ಲಿ ಪಿನ್ನು ಇರೋದು ಪ್ರೊಸೆಸರ್‌ನಲ್ಲೇ ಅಂತಾನೂ ಹೇಳಿದ್ದೆ, ಅದು ಮಾತ್ರ ಕೇಳ್ಲಿಲ್ಲ. ವಿಡಿಯೋ ಕಾಲಲ್ಲಿ ನನ್ನ ಕಣ್ಣೆದುರೇ ಟಕ್ ಅಂತ ಎಳೆದ, ಹಳೇ 2600 ಸಾಕೆಟ್ ಬೀಗ ಹಾಕಿದ್ದಂಗೇ ಕಿತ್ಕೊಂಡು ಕೂಲರ್ ತಳಕ್ಕೆ ಅಂಟಿಕೊಂಡು ಬಂತು, ಮೂಲೆಯ ಸಾಲಲ್ಲಿ ಐದು ಪಿನ್ ಗಾಳಿಗೆ ಬಗ್ಗಿದ ಜೋಳದ ಹಾಗೆ. ಇಬ್ಬರೂ ಒಂದು ನಿಮಿಷ ಮಾತಾಡ್ಲಿಲ್ಲ. ಹೋಗಿದ್ದು ಹಳೇದು, ಸಾಕೆಟ್ ಚೆನ್ನಾಗಿತ್ತು, ಬದುಕಿಕೊಂಡ್ವಿ. ಆ ಐದು ಪಿನ್ನನ್ನ ಎಟಿಎಂ ಕಾರ್ಡಿನ ಅಂಚಲ್ಲಿ ಒಂದೊಂದಾಗಿ ನೆಟ್ಟಗೆ ಮಾಡಿದ್ವಿ, ಅದನ್ನ ಮಾರಿ ಪೇಸ್ಟ್ ಖರ್ಚಾದ್ರೂ ಹುಟ್ಟಿಸ್ತೀನಿ ಅಂದ.

ತ್ರೀಡಿ ಕೂರಿಸಿ, ಎಕ್ಸ್‌ಎಂಪಿ ಆನ್ ಮಾಡಿ, ಬಟನ್ ಒತ್ತಿದ. ಡಿಸ್ಪ್ಲೇ ಬಂತು. ರೇಸ್ ಹಾಕೋ ನೋಡೋಣ ಅಂದೆ. "ಇರಣ್ಣ, ಹೊನ್ನಾಳಿ ಮದುವೆದು ನಾಳೆ ಬೆಳಿಗ್ಗೆ ಕೊಡ್ಬೇಕು" ಅಂತ ಮೊದಲು ರೆಂಡರ್‌ಗೆ ಹಾಕಿ ಊಟಕ್ಕೆ ಹೋದ.